ಒಂಬತ್ತು ಕಾಲೇಜುಗಳ ಕೋಚ್

ಕೊಲ್ಲಿ ದೇಶದಲ್ಲಿ, ಮಿರ್ಕಾಬ್‌ನ ಆಫೀಸಿನಲ್ಲಿ ಕೂತು ಶಾಲೆಗಳಿಗೆ ಪಿ.ಟಿ. ಮೇಷ್ಟ್ರುಗಳನ್ನು ಹುಡುಕಿಕೊಡುವ ಕೆಲಸ ನನ್ನದು. ಒಮ್ಮೆ ಒಬ್ಬ ಅಮೆರಿಕದವನು ಬಂದ. ಅಲ್ಲಿನ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಡಿಫೆನ್ಸ್ ಕಲಿಸುತ್ತಿದ್ದ ಕೋಚ್. ಇಪ್ಪತ್ತು ವರ್ಷದಲ್ಲಿ ಒಂಬತ್ತು ಕಾಲೇಜು. ಎಲ್ಲೂ ನಿಲ್ಲದ ಆಸಾಮಿ ಅಂದುಕೊಂಡು ಫೈಲನ್ನು ಪಕ್ಕಕ್ಕಿಟ್ಟೆ.

"ಯಾಕೆ ಇಷ್ಟೊಂದು ಕಡೆ?" ಎಂದೆ.

"ತಂಡ ಸೋತರೆ ಹೆಡ್ ಕೋಚನ್ನು ತೆಗೆಯುತ್ತಾರೆ. ಅವನ ಜೊತೆ ನಾವೆಲ್ಲ ಹೊರಗೆ. ನನ್ನ ಡಿಫೆನ್ಸ್ ಚೆನ್ನಾಗಿದ್ದರೂ ಅಷ್ಟೇ."

ನಮಗೆ ವೀಸಾ ಕೊಟ್ಟ ಧಣಿಯೇ ಕಫೀಲ್. ಅವನು ಕಂಪನಿ ಮುಚ್ಚಿದರೆ ಇಲ್ಲಿರಲು ಬೇಕಾದ ನಮ್ಮ ಪರವಾನಗಿ, ಇಕಾಮಾನೂ ಖಲಾಸ್. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಫೈಲನ್ನು ಮತ್ತೆ ಎಳೆದುಕೊಂಡೆ.

ಏಳುವಾಗ ಅವನು ಕೇಳಿದ, "ನೀವು ಇಲ್ಲಿ ಎಷ್ಟು ವರ್ಷದಿಂದ?"

"ಹದಿನೆಂಟು. ಒಬ್ಬನೇ ಕಫೀಲ್."

"ಅಷ್ಟು ಒಳ್ಳೆಯವನಾ?"

"ಹಾಗೇನಿಲ್ಲ. ಅವನನ್ನು ತೆಗೆಯುವವರು ಯಾರೂ ಇಲ್ಲ."