ಆಲ್ಡರ್ಸನ್ ಅಥವಾ ಹಬರ್ಡ್

‘ಅಥವಾ’ ಎಂಬ ಪದ ಕಂಡರೆ ವೆರ್ಲೀನ್ ಹಾರ್ಗೆಟ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಟಾಲಾಕಾ ಕಾಲೇಜಿನ ಫುಟ್‌ಬಾಲ್ ಕಚೇರಿಯಲ್ಲಿ ತಂಡದ ಪಟ್ಟಿ ಟೈಪ್ ಮಾಡುತ್ತಾ ಬಂದವಳು ಅವಳು. ಒಂದೊಂದು ಸ್ಥಾನಕ್ಕೂ ಮೇಲೊಂದು ಹೆಸರು, ಕೆಳಗೊಂದು ಹೆಸರು. ಮೇಲಿನವನು ಆಡುತ್ತಾನೆ, ಕೆಳಗಿನವನು ಕಾಯುತ್ತಾನೆ. ಮಿಸಿಸಿಪ್ಪಿಯ ಆ ಊರಿನಲ್ಲಿ ಅದನ್ನು ಓದಲು ಬಾರದವರಿರಲಿಲ್ಲ. ಆದರೆ ಈ ಏಪ್ರಿಲ್‌ನ ಒಂದು ಬುಧವಾರ ಕೋಚ್ ಲಾಡ್ನರ್ ಕೊಟ್ಟ ಕರಡಿನಲ್ಲಿ ಇಪ್ಪತ್ತೆರಡು ಸ್ಥಾನಕ್ಕೆ ಹನ್ನೊಂದು ‘ಅಥವಾ’ಗಳಿದ್ದವು. ಇವನು ಅಥವಾ ಅವನು. ಎಲ್ಲ ಅಡ್ಡಗೋಡೆಯ ಮೇಲಿಟ್ಟ ದೀಪ.

“ಇದೇನ್ ಕೋಚ್, ಊಟಕ್ಕೇನು ಅಂದ್ರೆ ಕೋಳಿ ಅಥವಾ ಮೀನು ಅಂದ ಹಾಗಿದೆ,” ಎಂದಳು ವೆರ್ಲೀನ್.

“ಪೋರ್ಟಲ್ ತೆಗ್ದಿದೆ ಮಿಸ್ ವೆರ್ಲೀನ್. ಮೂವತ್ತನೇ ತಾರೀಖಿಗೆ ಮುಚ್ಚತ್ತೆ. ಅಲ್ಲೀವರೆಗೂ ನಮ್ ತಂಡದಲ್ಲಿ ಯಾರೂ ಎರಡನೆಯವ್ರಲ್ಲ,” ಎಂದ ಕೋಚ್.

ಪೋರ್ಟಲ್ ಎಂದರೆ ಹುಡುಗರು ಬೇರೆ ಕಾಲೇಜಿಗೆ ಹೋಗುವ ಬಾಗಿಲು, ಚಳಿಗಾಲದಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ತೆರೆಯುತ್ತದೆ. ಅಲ್ಲಿ ಹೆಸರು ಹಾಕಿದವನನ್ನು ಯಾವ ಕೋಚ್ ಬೇಕಾದರೂ ಕರೆದುಕೊಳ್ಳಬಹುದು. ಮೊದಲೆಲ್ಲ ಎರಡನೆಯವನು ಹಲ್ಲು ಕಚ್ಚಿ ಒಂದು ವರ್ಷ ಕಾಯುತ್ತಿದ್ದ. ಈಗ ತನ್ನ ಹೆಸರು ಕೆಳಗೆ ಕಂಡರೆ ಸಂಜೆಗೇ ಗಂಟುಮೂಟೆ ಕಟ್ಟುತ್ತಾನೆ. ಅದಕ್ಕೇ ಈ ‘ಅಥವಾ’. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾಣತನ.

ವೆರ್ಲೀನ್‌ಳ ಕೆಲಸ ಟೈಪಿಂಗ್ ಎಂದು ಕಾಲೇಜಿನ ಕಾಗದಗಳಲ್ಲಿ ಬರೆದಿತ್ತು. ಅವಳ ನಿಜವಾದ ಕೆಲಸ ತಾಯಂದಿರದು. ಕೋಚ್‌ಗಳು ಹಳ್ಳಿಹಳ್ಳಿಯ ಹೈಸ್ಕೂಲುಗಳಿಗೆ ಹೋಗಿ ಹುಡುಗರ ಎತ್ತರ, ತೂಕ, ಓಟ ಅಳೆದು ಬರುತ್ತಿದ್ದರು. ಮನೆಯಲ್ಲಿ ಕೂತು ಬಾಳೆಹಣ್ಣಿನ ಪುಡ್ಡಿಂಗ್ ತಿಂದು ಆಕಾಶವನ್ನೇ ತಂದುಕೊಡುತ್ತೇವೆ ಎನ್ನುತ್ತಿದ್ದರು. ಕಾರು ತಿರುವು ದಾಟಿದ ಕೂಡಲೇ ಆ ತಾಯಿ ಕಚೇರಿಗೆ ಫೋನ್ ಮಾಡಿ, “ಅವ್ರು ಹೇಳಿದ್ದೆಲ್ಲ ಸರಿನಮ್ಮಾ. ನಿಜ ಎಷ್ಟು?” ಎಂದು ವೆರ್ಲೀನ್‌ಳನ್ನು ಕೇಳುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಅವಳು ಹೇಳುತ್ತಿದ್ದಳು. ಊಟ ಚೆನ್ನಾಗಿದೆ, ಹಾಸ್ಟೆಲಿನ ಬಿಸಿನೀರು ಆಗಾಗ ಕೈಕೊಡುತ್ತದೆ, ನಿಮ್ಮ ಹುಡುಗ ಮೊದಲ ವರ್ಷ ಆಡುವುದಿಲ್ಲ. ಈ ಕೊನೆಯ ಮಾತಿಗೇ ಎಷ್ಟೋ ತಾಯಂದಿರು ಮಗನನ್ನು ಟಾಲಾಕಾಕ್ಕೆ ಕಳಿಸಿದ್ದರು.

ರುತೆಟ್ಟಾ ಹಬರ್ಡ್ ಹಾಗೆ ಕಳಿಸಿದವಳು. ಮೂರು ವರ್ಷದ ಹಿಂದೆ ಅವಳ ಮಗ ಜಾಕೋರಿಯನ್ನು ಮನೆಯ ಹತ್ತಿರದ ಇನ್ನೊಂದು ಕಾಲೇಜೂ ಕರೆದಿತ್ತು. ಆಕೆ ವೆರ್ಲೀನ್‌ಗೆ ಫೋನ್ ಮಾಡಿದ್ದಳು. “ಎರಡು ವರ್ಷ ಕಾಯ್ಲಿ ಮಿಸ್ ರುತೆಟ್ಟಾ. ಮೂರನೇ ವರ್ಷದ ಪಟ್ಟೀಲಿ ಅವನೇ ನಮ್ಮ ಸೆಂಟರ್. ಅವತ್ತು ನಾನೇ ಫೋನ್ ಮಾಡಿ ಹೇಳ್ತೀನಿ,” ಎಂದಿದ್ದಳು ಇವಳು. ಅಮೆರಿಕದ ಈ ಫುಟ್‌ಬಾಲಿನಲ್ಲಿ ಸೆಂಟರ್ ಎಂದರೆ ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ಪ್ರತಿ ಆಟ ಅವನ ಕೈಯಿಂದ ಶುರುವಾಗುತ್ತದೆ, ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಜಾಕೋರಿ ಎರಡು ವರ್ಷ ತುಟಿಪಿಟಕ್ ಎನ್ನದೆ ಕಾದ.

ಮೂರನೆಯ ವರ್ಷ ಜನವರಿಯಲ್ಲಿ ಕೋಚ್ ಪೋರ್ಟಲಿನಿಂದ ಬ್ರೆಟ್ ಆಲ್ಡರ್ಸನ್ ಎಂಬ ಸೆಂಟರನ್ನು ಹಿಡಿದು ತಂದ. ಅಯೋವಾದ ಹುಡುಗ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು. ಅಭ್ಯಾಸದ ಹದಿನೈದು ದಿನ ಮುಗಿದಾಗ ಕರಡಿನ ಸೆಂಟರ್ ಸಾಲಿನಲ್ಲಿ ಎರಡು ಹೆಸರು, ನಡುವೆ ಆ ಶನಿ.

“ಇವರಿಬ್ರಲ್ಲಿ ಯಾರು ಕೋಚ್? ನನಗಾದ್ರೂ ಹೇಳಿ.”

“ಜಾಕೋರಿನೇ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆಲ್ಡರ್ಸನ್ ಓಡಿಹೋದ್ರೆ ನಾಳೆ ಜಾಕೋರಿ ಕಾಲು ಉಳುಕಿದ ದಿನ ನೀವು ಬಂದು ಚೆಂಡು ಕೊಡ್ತೀರಾ?”

“ಜಾಕೋರಿಗಾದ್ರೂ ಕಿವೀಲಿ ಹೇಳಿ.”

“ಕಿವೀಲಿ ಹೇಳಿದ್ದು ಸಂಜೆಗೆ ಊರೆಲ್ಲ ಕೇಳತ್ತೆ. ಮೂವತ್ತರ ತನಕ ನೀವೂ ಬಾಯಿಗೆ ಬೀಗ ಹಾಕ್ಕೊಳ್ಳಿ.”

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಯಾರ ಕಡೆಗೂ ವಾಲಬಾರದೆಂದು ಅವಳು ಅಕ್ಷರದ ಕ್ರಮದಲ್ಲೇ ಟೈಪ್ ಮಾಡಿದಳು. ಎ ಮೊದಲು, ಎಚ್ ಆಮೇಲೆ. ಆಲ್ಡರ್ಸನ್ ಅಥವಾ ಹಬರ್ಡ್. ಹೆಸರುಗಳ ಪಟ್ಟಿ ಯಾವುದಿದ್ದರೂ ಅವಳು ಮಾಡುತ್ತಿದ್ದುದು ಹಾಗೆಯೇ. ಗುರುವಾರ ಪಟ್ಟಿ ಪತ್ರಿಕೆಗಳಿಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಗಂಡ ರಾಯ್ಸ್ ಮೆತ್ತನೆ ಬನ್ನಿನಂಥ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿದುಕೊಳ್ಳುತ್ತಾ ಪೇಪರ್ ಓದಿದ. “ಪಾಪ, ನಿನ್ನ ಹಬರ್ಡ್ ಹುಡುಗನಿಗೆ ಕೈಕೊಟ್ರಲ್ಲೇ.”

“ಯಾರಂದ್ರು? ‘ಅಥವಾ’ ಅಂತಿದೆ, ಕಣ್ಣಿಲ್ವಾ?”

“ಕಣ್ಣಿದೆ ಕಣೇ. ಅಥವಾದ ಮುಂಚೆ ಇರೋನು ಮದುಮಗ, ಆಮೇಲಿನೋನು ಊಟಕ್ಕೆ ಬಂದೋನು. ಅಷ್ಟೂ ಗೊತ್ತಿಲ್ವಾ ನಿಂಗೆ?”

ವೆರ್ಲೀನ್ ಅವನ ಕೈಯಿಂದ ಪೇಪರ್ ಕಿತ್ತುಕೊಂಡಳು. “ಅದು ಅಕ್ಷರದ ಕ್ರಮ ರಾಯ್ಸ್! ಎ, ಎಚ್!”

“ಫುಟ್‌ಬಾಲ್ ಪಟ್ಟೀನ ಡಿಕ್ಷನರಿ ಹಾಗೆ ಯಾರೇ ಓದ್ತಾರೆ?” ಎಂದು ರಾಯ್ಸ್ ನಕ್ಕ.

ನಗುವ ಮಾತಾಗಿರಲಿಲ್ಲ ಅದು. ಇಪ್ಪತ್ತೊಂಬತ್ತು ವರ್ಷ ಪಟ್ಟಿಯನ್ನು ಬರೆದವಳಿಗೆ ಪಟ್ಟಿಯನ್ನು ಓದುವವರ ಕಣ್ಣು ತಿಳಿದಿರಲಿಲ್ಲ. ಹಬರ್ಡ್ ಅಥವಾ ಆಲ್ಡರ್ಸನ್ ಎಂದು ಬರೆದಿದ್ದರೆ ಕೋಚ್ ಗಮನಿಸುತ್ತಲೂ ಇರಲಿಲ್ಲ. ನ್ಯಾಯವಾಗಿರಲಿ ಎಂದು ಮಾಡಿದ್ದೇ ಹುಡುಗನಿಗೆ ಅನ್ಯಾಯವಾಗಿತ್ತು, ಮಾಡಿದ್ದು ಅವಳದೇ ಕೈ.

ತಟ್ಟೆ ಅಲ್ಲೇ ಬಿಟ್ಟು ಕಚೇರಿಗೆ ಓಡಿದಳು. ಹೆಸರು ತಿರುವು ಮುರುವು ಮಾಡಿ ತಿದ್ದುಪಡಿ ಕಳಿಸೋಣ ಎಂದಳು. ಕೋಚ್ ತಲೆಯನ್ನೇ ಎತ್ತಲಿಲ್ಲ. “ಈಗ ತಿದ್ದಿದ್ರೆ ಆಲ್ಡರ್ಸನ್‌ಗೆ ಗೊತ್ತಾಗಲ್ವಾ? ಜಾಕೋರಿ ಒಳ್ಳೇ ಹುಡುಗ. ಎಲ್ಲೂ ಹೋಗಲ್ಲ, ಬಿಡಿ.” ಒಳ್ಳೆಯ ಹುಡುಗರ ಹಣೆಬರಹವೇ ಇಷ್ಟು. ಹೋಗುತ್ತೇನೆ ಎನ್ನುವವನಿಗೆ ಮಣೆ, ಇರುತ್ತೇನೆ ಎನ್ನುವವನಿಗೆ ನೆಲ.

ಶನಿವಾರ ರುತೆಟ್ಟಾ ವೆರ್ಲೀನ್‌ಳ ಮನೆಗೇ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

“ಮಿಸ್ ವೆರ್ಲೀನ್, ಪೇಪರ್ ನೋಡ್ದೆ. ನೀವು ಫೋನ್ ಮಾಡ್ತೀರೇನೋ ಅಂತ ನಿನ್ನೆಯಿಂದ ಕಾದೆ.”

“ಸ್ವಲ್ಪ ತಾಳಿ ಮಿಸ್ ರುತೆಟ್ಟಾ. ಇನ್ನೊಂದೇ ವಾರ.”

“ತಾಳೋದು ನಮಗೆ ಹೊಸದಲ್ಲ. ಒಂದೇ ಮಾತು ಕೇಳ್ತೀನಿ. ನನ್ ಮಗ ಆಡ್ತಾನಾ, ಇಲ್ವಾ? ಇಲ್ಲ ಅಂದ್ರೂ ಬೇಜಾರಿಲ್ಲ. ನಿಮ್ಮ ಬಾಯಿಂದ ಕೇಳ್ಬೇಕು, ಅಷ್ಟೆ.”

ಆಡುತ್ತಾನೆ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಕೋಚ್‌ನ ಬೀಗವೂ ಅಲ್ಲೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆಂಬ ಹೆದರಿಕೆಯೇನೂ ಇರಲಿಲ್ಲ. ಇಷ್ಟು ವರ್ಷ ಕಚೇರಿಯ ಗುಟ್ಟನ್ನು ಹೊರಗೆ ಬಿಟ್ಟವಳಲ್ಲ ಎಂಬ ಹಮ್ಮು ಅಡ್ಡ ಬಂತು.

“ಎಲ್ಲ ಒಳ್ಳೇದಾಗತ್ತೆ,” ಎಂದುಬಿಟ್ಟಳು.

“ಕೋಚ್‌ಗಳೂ ಹಾಗೇ ಅಂತಾರೆ,” ಎಂದು ರುತೆಟ್ಟಾ ಫೋನ್ ಇಟ್ಟಳು.

ಭಾನುವಾರ ಚರ್ಚಿನಲ್ಲಿ ಪಾದ್ರಿ ಏನು ಹೇಳಿದರೋ ವೆರ್ಲೀನ್‌ಗೆ ಒಂದಕ್ಷರವೂ ಕೇಳಲಿಲ್ಲ. ನಾಳೆ ಹುಡುಗನನ್ನು ಕರೆದು ಹೇಳಿಬಿಡುತ್ತೇನೆ, ಕೋಚ್ ಕುಣಿದರೆ ಕುಣಿಯಲಿ ಎಂದು ಗಟ್ಟಿ ಮಾಡಿಕೊಂಡಳು.

ಸೋಮವಾರ ಅವಳು ಬರುವಷ್ಟರಲ್ಲಿ ಜಾಕೋರಿಯೇ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಿಸಿದ ಒಂದು ಕಾಗದ.

“ಮಿಸ್ ವೆರ್ಲೀನ್, ಪೋರ್ಟಲ್ ಕಾಗದ ಯಾವ ರೂಮಲ್ಲಿ ತಗೋತಾರೆ? ಮೊದಲು ನಿಮಗೆ ಹೇಳಿ ಹೋಗೋಣ ಅಂತ ಬಂದೆ.”

ಅವಳು ಅವನ ತೋಳು ಹಿಡಿದು ಒಳಗೆಳೆದು ಬಾಗಿಲು ಹಾಕಿದಳು. “ಹುಚ್ಚಪ್ಪಾ, ನೀನೇ ಕಣೋ ಸೆಂಟರು! ಕೋಚೇ ಹೇಳಿದಾರೆ. ಆಲ್ಡರ್ಸನ್ ಹೋಗ್ದೆ ಇರ್ಲಿ ಅಂತ ಹಾಗೆ ಬರೆಸಿದ್ದು. ಅವನ ಹೆಸರು ಮೊದಲಿಗೆ ಹಾಕಿದ್ದು ನಾನು. ಬರೀ ಅಕ್ಷರದ ಕ್ರಮ!”

ಜಾಕೋರಿಯ ಮುಖ ಒಂದು ಕ್ಷಣ ಅರಳಿತು. ಎರಡು ವರ್ಷ ಕಾದದ್ದು ಸುಳ್ಳಾಗಿರಲಿಲ್ಲವಲ್ಲ. ಆಮೇಲೆ ಏನೋ ಲೆಕ್ಕ ಹಾಕಿದವನಂತೆ ಹುಬ್ಬು ಕೂಡಿಸಿದ.

“ಇದು ನಿಮಗೆ ಯಾವತ್ತು ಗೊತ್ತಾಯ್ತು?”

“ಬುಧವಾರ.”

“ಅಮ್ಮ ಫೋನ್ ಮಾಡಿದ್ದು ಶನಿವಾರ.”

ವೆರ್ಲೀನ್ ಅವನ ತೋಳು ಬಿಟ್ಟಳು.

“ನಾನು ಹೋಗೋದು ಬೇಡ ಅಂತಲೇ ಇದ್ದೆ ಮಿಸ್ ವೆರ್ಲೀನ್,” ಎಂದ ಜಾಕೋರಿ. ಬೈಯುವ ದನಿಯೇ ಅವನದಲ್ಲ. “ಅಮ್ಮನಿಗೆ ನೀವು ಹೇಳ್ತೀರಿ ಅಂತ ಕಾದೆ. ನಿಮ್ಮ ಮಾತಿನ ಮೇಲೆ ಇಲ್ಲಿಗೆ ಬಂದೋನು ನಾನು, ಕೋಚ್ ಮಾತಿನ ಮೇಲಲ್ಲ. ಆಗಸ್ಟಲ್ಲಿ ಇವ್ರು ಇನ್ನೊಬ್ಬನ್ನ ತಂದ್ರೆ ನಾವು ಯಾರನ್ನ ಕೇಳೋಣ?”

ಅವನು ಕೇಳಿದ ರೂಮು ಎಡಗಡೆ ಮೂರನೆಯದು. ಅವಳು ಹೇಳಲಿಲ್ಲ. ಅವನೇ ಹುಡುಕಿಕೊಂಡು ಹೋದ.

ಸಂಜೆ ಅವಳು ರುತೆಟ್ಟಾಗೆ ಫೋನ್ ಹಚ್ಚಿ ಎಲ್ಲವನ್ನೂ ಹೇಳಿದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅವಳಿಗೂ ಅದು ಗೊತ್ತಿತ್ತು. ರುತೆಟ್ಟಾ ಕೊನೆಯವರೆಗೂ ಕೇಳಿದಳು.

“ಗೊತ್ತಿಲ್ದೆ ಸುಮ್ನಿದ್ದಿದ್ರೆ ನಾನೇನೂ ಅಂದ್ಕೊಳ್ತಿರ್ಲಿಲ್ಲ, ಮಿಸೆಸ್ ಹಾರ್ಗೆಟ್,” ಎಂದಳು.

ಮೂರು ವರ್ಷದಲ್ಲಿ ಆಕೆ ಸಲಿಗೆಯ ‘ಮಿಸ್ ವೆರ್ಲೀನ್’ ಬಿಟ್ಟು ಇವಳನ್ನು ಹಾಗೆ ಕರೆದದ್ದು ಅದೇ ಮೊದಲು.

ಮರುದಿನ ಕೋಚ್ ಲಾಡ್ನರ್‌ಗೆ ಒಂದೇ ಒಂದು ಗಳಿಗೆ ಬೇಸರವಾಯಿತು. ಆಮೇಲೆ, “ಹೋದ್ರೆ ಹೋಗ್ಲಿ. ಹೇಗೂ ಆಲ್ಡರ್ಸನ್ನೇ ಮೇಲು,” ಎಂದ.

“ಬುಧವಾರ ನೀವೇ ಜಾಕೋರಿ ಅಂದ್ರಿ! ಎರಡು ಮಾತಿಲ್ಲ ಅಂದ್ರಿ!”

“ಅದು ಬುಧವಾರ,” ಎಂದ ಕೋಚ್. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಾಳಾದವನಿಗೆ ನಾಚಿಕೆಯೂ ಆಗಲಿಲ್ಲ. ಹೆಸರು ಗೀಚಿದ್ದ ಕಾಗದದ ತುಂಡನ್ನು ಅವಳ ಮೇಜಿನ ಮೇಲಿಟ್ಟು, ಅಲ್ಲಿ ಮಿಣುಕುತ್ತಿದ್ದ ಫೋನಿನ ದೀಪ ತೋರಿಸಿದ. “ಲೈನಲ್ಲಿ ಒಬ್ಬ ತಾಯಿ ಇದಾಳೆ. ಮಗ ಹೈಸ್ಕೂಲು, ಸೆಂಟರ್. ಅವಳಿಗೆ ನನ್ ಮಾತು ಸಾಲದಂತೆ, ನಿಮ್ಮ ಹತ್ರಾನೇ ಕೇಳ್ಬೇಕಂತೆ. ಎರಡು ಮಾತಾಡಿ. ನೀವು ಹೇಳಿದ್ರೆ ನಂಬ್ತಾರೆ.”

ವೆರ್ಲೀನ್ ಫೋನನ್ನು ಎತ್ತಿ ಅವನ ಕಡೆಗೆ ಚಾಚಿದಳು.

“ಹೌದು ಕೋಚ್, ನಂಬ್ತಾರೆ,” ಎಂದಳು. “ಅದಕ್ಕೇ ನಾನು ಮಾತಾಡಲ್ಲ.”