ಸೇತುವೆ ಕಾಯುವವಳ ಮತ

ಅಕೋಮೆಟ್ ಊರಿನ ಎತ್ತುಸೇತುವೆಯನ್ನು ಇಪ್ಪತ್ತಾರು ವರ್ಷ ಎತ್ತಿ ಇಳಿಸಿದವಳು ಜಸಿಂಟಾ ಫಗುಂಡೆಸ್. ನದಿ ಕಡಲಿಗೆ ಸೇರುವ ಕಡೆ, ಸೇತುವೆಯ ಬುಡದಲ್ಲಿ, ಸುತ್ತಲೂ ಗಾಜಿರುವ ಒಂದು ಪುಟ್ಟ ಕೋಣೆ. ಒಳಗೆ ಎತ್ತರದ ಸ್ಟೂಲು, ಎರಡು ಹಿಡಿಕೆ, ಹಾದುಹೋದ ದೋಣಿಗಳ ಹೆಸರು ಬರೆಯುವ ಪುಸ್ತಕ. ದೋಣಿ ಬಂದು ಒಂದು ಉದ್ದ, ಒಂದು ಗಿಡ್ಡ ಕೂಗು ಹಾಕಿದರೆ ಅವಳೂ ಹಾಗೇ ಕೂಗಿಸಿ, ರಸ್ತೆಗೆ ಗೇಟು ಇಳಿಸಿ, ಹಿಡಿಕೆ ಎಳೆಯುತ್ತಿದ್ದಳು. ಆಗ ಮಲಗಿದ್ದ ರಸ್ತೆ ಮೈಮುರಿದು ಎದ್ದು ನಿಲ್ಲುತ್ತಿತ್ತು. ನಡುವಿನ ಹಳದಿ ಗೆರೆ ನೇರ ಆಕಾಶಕ್ಕೆ ಹೋಗುತ್ತಿತ್ತು. ಮಂಜು ಕವಿದ ಬೆಳಗುಗಳಲ್ಲಿ ನದಿಯೂ ಕಾಣದು, ರಸ್ತೆಯೂ ಕಾಣದು. ತನ್ನ ಕೋಣೆಯೊಂದೇ ಬಿಳುಪಿನಲ್ಲಿ ತೂಗುತ್ತಿದೆ, ತಾನೆಂದೂ ನೋಡದ ಯಾರಿಗೋ ಬಾಗಿಲು ತೆಗೆಯುತ್ತಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ.

ಐದು ಜನರ ಊರಮಂಡಳಿಗೆ ಜನ ಅವಳನ್ನು ಆರಿಸಿದ್ದು ಭಾಷಣ ಕೇಳಿ ಅಲ್ಲ. ಗೇಟಿನ ಮುಂದೆ ಒಂದಲ್ಲ ಒಂದು ದಿನ ನಿಲ್ಲದವರು ಊರಲ್ಲಿ ಇರಲಿಲ್ಲ. "ಕಾಯಿಸ್ತಾಳೆ, ಆದ್ರೆ ಬಿಡ್ತಾಳೆ" ಎನ್ನುವುದೇ ಅವಳ ಪ್ರಚಾರವಾಯಿತು.

ಊರಿನ ನೌಕರಿಯಲ್ಲಿದ್ದವರು ಊರಮಂಡಳಿಯಲ್ಲಿ ಕೂರಬಾರದೆಂದೇನೂ ಇರಲಿಲ್ಲ. ಆದರೆ ಎರಡರಲ್ಲಿ ಒಂದೇ ಸಂಬಳ, ಮತ್ತು ತನ್ನ ನೌಕರಿಯ ಮಾತು ಬಂದಾಗ ಬಾಯಿ, ಕೈ ಎರಡೂ ಇಲ್ಲ. ಮೊದಲ ಸಭೆಯಲ್ಲೇ ಸೇತುವೆಯ ಕಂಬಿಗೆ ಬಣ್ಣ ಹೊಡೆಯುವ ವಿಷಯ ಬಂತು. ಇಂಥ ಹೊತ್ತಿನಲ್ಲಿ ಕುರ್ಚಿಯನ್ನು ಒಂದು ಮಾರು ಹಿಂದೆ ಸರಿಸಿ ಕೂರುವುದು ಅಕೋಮೆಟ್‌ನ ಹಳೆಯ ರೂಢಿ. ಅವಳಿಗಿಂತ ಮೊದಲಿದ್ದ ಸದಸ್ಯ ಅಗ್ನಿಶಾಮಕ ದಳದವನು. ಕುರ್ಚಿ ಸರಿಸಿಕೊಂಡು ಕೂತು, ತನಗೆ ಬೇಕು ಎಂದಿದ್ದರೆ ಚಾವಣಿ ನೋಡುತ್ತಿದ್ದ, ಬೇಡ ಎಂದಿದ್ದರೆ ಬೂಟು ನೋಡುತ್ತಿದ್ದ. ಉಳಿದ ನಾಲ್ವರು ಅವನ ಕಣ್ಣನ್ನು ನೋಡುತ್ತಿದ್ದರು. ಜಸಿಂಟಾ ಕೂಡ ಕುರ್ಚಿ ಸರಿಸಿದಳು.

ಗುಮಾಸ್ತೆ ಹ್ಯಾರಿಯೆಟ್ ಗಿಫರ್ಡ್ ಪೆನ್ನು ಕೆಳಗಿಟ್ಟಳು. ಊರಿನ ಕಡತಗಳಿಗೆಲ್ಲ ಅವಳೇ ಒಡತಿ.

"ಏನದು ಜಸಿಂಟಾ?"

"ಹಿಂದೆ ಸರಿದೆ."

"ಸರಿಯೋದಲ್ಲ, ಹೋಗೋದು. ಕುರ್ಚಿ ಅಲ್ಲ, ನೀನು."

"ಎಲ್ರೂ ಇಷ್ಟು ದಿನ ಹೀಗೇ ಮಾಡ್ತಿದ್ರಲ್ಲ?"

"ಇಷ್ಟು ದಿನ ಹೇಳಿ ಹೇಳಿ ಸಾಕಾಗಿದೆ ನಂಗೆ. ಮುಖ ಕಾಣಿಸ್ತಾ ಇದ್ರೆ ಮಾತಾಡಿದ ಹಾಗೇನೇ. ಆಚೆ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಅವಳು ಹೋದಳು. "ಏಳು ಹನ್ನೆರಡಕ್ಕೆ ಹೊರಗೆ" ಎಂದು ಹ್ಯಾರಿಯೆಟ್ ಬರೆದುಕೊಂಡಳು.

ಆಮೇಲೆ ಆ ಹೊರಗಿನ ಮೊಗಸಾಲೆಯೇ ಅವಳಿಗೆ ಹಿಡಿಸಿತು. ನೆಲಕ್ಕೆ ಹಚ್ಚಿದ ಮೇಣದ ವಾಸನೆ, ಒಂದು ಬೆಂಚು, ಗೋಡೆಯ ಮೇಲೆ ಹಡಗಿನ ಗಡ್ಡದ ಯಜಮಾನರ ಹಳೆಯ ಚಿತ್ರಗಳು. ಒಳಗಿನ ಮಾತು ನೀರಿನಡಿಯಿಂದ ಬಂದ ಹಾಗೆ ಬರುತ್ತಿತ್ತು. ಪದಗಳೆಲ್ಲ ಕರಗಿ ಬರೀ ಏರಿಳಿತ ಉಳಿಯುತ್ತಿತ್ತು. ಕಣ್ಣು ಮುಚ್ಚಿ ಕೂತರೆ ಊರೇ ದೂರದಲ್ಲಿ ಉಸಿರಾಡುತ್ತಿದೆ ಅನ್ನಿಸುವುದು. ಹ್ಯಾರಿಯೆಟ್ ಬಂದು ಭುಜ ಮುಟ್ಟಿದಾಗ ಒಮ್ಮೊಮ್ಮೆ ಬೆಚ್ಚುತ್ತಿದ್ದಳು.

ಎರಡನೆಯ ವರ್ಷದ ಶರತ್ಕಾಲದಲ್ಲಿ ಸಮಸ್ಯೆ ಬಂತು. ಸೇತುವೆಗೆ ವಯಸ್ಸಾಗಿತ್ತು. ಎತ್ತುವ ಯಂತ್ರವನ್ನು ರಿಪೇರಿ ಮಾಡಿಸಬೇಕು, ಇಲ್ಲವೇ ಅದನ್ನು ಕಿತ್ತು ಏಳದ ತಗ್ಗು ಸೇತುವೆ ಕಟ್ಟಬೇಕು. ತಗ್ಗು ಸೇತುವೆ ಬಂದರೆ ನದಿಯ ಮೇಲ್ಗಡೆ ಕಟ್ಟಿಹಾಕುವ ಹನ್ನೊಂದು ಮೀನುದೋಣಿಗಳ ಎತ್ತರದ ಕೂವೆಕಂಬ ಅದರಡಿ ನುಸುಳುವುದಿಲ್ಲ. ಮಂಡಳಿಯಲ್ಲಿ ಇಬ್ಬರು ರಿಪೇರಿ ಎಂದರು, ಇಬ್ಬರು ತಗ್ಗು ಸೇತುವೆ ಎಂದರು. ರಿಪೇರಿಗೆ ಮೂರು ಕೈ ಬೇಕು. ಮೂರನೆಯ ಕೈ ಮೊಗಸಾಲೆಯ ಬೆಂಚಿನ ಮೇಲಿತ್ತು.

ಹನ್ನೊಂದರಲ್ಲಿ ಒಂದು ದೋಣಿ ಡುಆರ್ತೆಯದು. ಅವನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಜಸಿಂಟಾ. ಹಾಗಾಗಿ ಅವನು ಅವಳ ಹೆಸರು ಹಿಡಿಯದೆ ಕೊಮಾದ್ರೆ ಎಂದೇ ಕರೆಯುತ್ತಿದ್ದ. ಸಭೆಗೆ ವಾರವಿದೆ ಎನ್ನುವಾಗ ಡಬ್ಬಿಯಲ್ಲಿ ಸೊಪ್ಪಿನ ಸೂಪು ಹಿಡಿದು ಗಾಜಿನ ಕೋಣೆಯ ಮೆಟ್ಟಿಲು ಹತ್ತಿದ.

"ತಣ್ಣಗಾಗೋಕೆ ಮುಂಚೆ ಕುಡಿ, ಕೊಮಾದ್ರೆ."

"ಸೂಪಿನ ಹಿಂದೆ ಇನ್ನೇನೋ ಮೆಟ್ಲು ಹತ್ತಿ ಬಂದ ಹಾಗಿದೆ."

"ಏನಿಲ್ಲಪ್ಪ. ಆವತ್ತು ಆಚೆ ಹೋಗ್ಬೇಡ. ಕೂತ್ಕೊಂಡು ಕೈ ಎತ್ತು. ಯಾರು ಬಂದು ಹಿಡ್ಕೋತಾರೆ ನಿನ್ನ ಕೈನ?"

"ಹ್ಯಾರಿಯೆಟ್."

"ಅವಳಿಗೆ ಎಪ್ಪತ್ತೊಂದು."

"ಅವಳ ಪೆನ್ನಿಗೆ ಆಗಿಲ್ವಲ್ಲ. ನಾನು ಕೈ ಎತ್ತಿದ್ರೆ ಆ ಮತ ಬಿದ್ಹೋಗತ್ತೆ ಡುಆರ್ತೆ. ಅದರ ಜೊತೆ ಸೇತುವೆನೂ."

ಅವನು ನದಿಯ ಕಡೆ ತಿರುಗಿದ. "ಸರಿ ಬಿಡು. ದೋಣಿ ಮೇಲ್ಗಡೆನೇ ಸಿಕ್ಕಿಹಾಕ್ಕೊಂಡ್ರೆ ಅದ್ರಲ್ಲಿ ಹೂವಿನ ಗಿಡ ನೆಡ್ತೀನಿ. ನೀರು ಹಾಕೋಕೆ ಬಾ. ನಿಂಗೂ ಆಗ ಬಿಡುವಾಗಿರತ್ತೆ."

ಮರುದಿನ ಅವಳು ಹ್ಯಾರಿಯೆಟ್ ಬಳಿ ಹೋದಳು. "ಏನಾದ್ರೂ ದಾರಿ ಇದ್ಯಾ?"

"ನಾನು ವಕೀಲಳಲ್ಲ" ಎಂದಳು ಹ್ಯಾರಿಯೆಟ್. ಆದರೆ ಕೈ ಆಗಲೇ ಮೇಜಿನ ಖಾನೆಗೆ ಹೋಗಿತ್ತು. ಯಾರೂ ಕೇಳದೆ ತಾನೇ ರಾಜ್ಯದ ಕಚೇರಿಗೆ ಬರೆದು ತರಿಸಿಕೊಂಡಿದ್ದ ಉತ್ತರ ಅಲ್ಲಿತ್ತು. "ಸೇತುವೆ ನಿನ್ನ ನೌಕರಿ ಆಗಿರೋವರೆಗೂ ಅದರ ವಿಷಯದಲ್ಲಿ ನಿಂಗೆ ಮತ ಇಲ್ಲ. ನೌಕರಿ ಬಿಟ್ರೆ ಇದೆ."

"ಮಂಡಳಿ ಬಿಟ್ರೆ?"

"ಆಗ್ಲೂ ಉಳಿಯೋದು ಇಬ್ರು, ಇಬ್ರೇ."

"ನೌಕರಿ ಬಿಟ್ಟು, ಮತ ಹಾಕಿ, ಆಮೇಲೆ ವಾಪಸ್ ಬಂದ್ರೆ?"

"ಮಂಡಳೀಲಿ ಇರೋವರೆಗೂ ಇಲ್ಲ. ಬಿಟ್ಟ ಮೇಲೂ ಆರು ತಿಂಗಳಿಲ್ಲ. ನಿಂಗೋಸ್ಕರ ಆ ಸ್ಟೂಲನ್ನ ಯಾರೂ ಖಾಲಿ ಇಡೋ ಹಾಗೂ ಇಲ್ಲ." ಹ್ಯಾರಿಯೆಟ್ ಕಾಗದವನ್ನು ಮಡಚಲಿಲ್ಲ, ಅವಳ ಕಡೆಗೆ ತಿರುಗಿಸಿ ಇಟ್ಟಳು. "ನಿಧಾನಕ್ಕೆ ಓದು. ನಂಗೇನೂ ಅವಸರ ಇಲ್ಲ."

ಆ ವಾರವೆಲ್ಲ ಮಂಜಿತ್ತು. ಜಸಿಂಟಾ ಗಾಜಿಗೆ ಹಣೆಯಾನಿಸಿ ಕೂತಳು. ಏರುನೀರು ಸದ್ದಿಲ್ಲದೆ ಕಂಬಗಳನ್ನು ಹತ್ತಿತು, ಇಳಿಯಿತು. ಸೇತುವೆ ಉಳಿದರೆ ತಾನಿಲ್ಲ. ತಾನು ಕೂತೇ ಇದ್ದರೆ ಸೇತುವೆಯಿಲ್ಲ. ಇಷ್ಟು ಸರಳವಾದದ್ದು ಇಷ್ಟು ಭಾರವಿರುವುದು ಹೇಗೆಂದು ಯೋಚಿಸುತ್ತ ಹಿಡಿಕೆಯನ್ನು ಸವರಿದಳು. ತನ್ನ ಅಂಗೈ ಒತ್ತಿ ಒತ್ತಿ ಅದರ ಹಿತ್ತಾಳೆ ಒಂದು ಕಡೆ ತೆಳ್ಳಗಾಗಿತ್ತು. ಮಂಜಿನೊಳಗಿಂದ ಯಾವುದೋ ದೋಣಿ ಕೂಗಿತು. ಅವಳು ಉತ್ತರ ಕೊಟ್ಟು, ಎತ್ತಿ, ಕಾಣದ ಅದನ್ನು ದಾಟಿಸಿ, ಪುಸ್ತಕದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟಳು.

ಸೋಮವಾರ ಸಂಜೆ ನಾಲ್ಕಕ್ಕೆ, ಸಭೆಗೆ ಮೂರು ಗಂಟೆ ಮೊದಲು, ಜಸಿಂಟಾ ಹ್ಯಾರಿಯೆಟ್ ಮುಂದೆ ಒಂದು ಕಾಗದ ಇಟ್ಟಳು.

"ಗಟ್ಟಿಯಾಗಿ ಓದ್ಲಾ ಒಂದ್ಸಲ?"

"ಬೇಡ. ಎರಡೇ ಸಾಲು."

ಹ್ಯಾರಿಯೆಟ್ ಮುದ್ರೆ ಒತ್ತಿ, ಗಂಟೆ ನಿಮಿಷ ಬರೆದು, ಶಾಯಿ ಆರಲಿ ಎಂದು ಊದಿದಳು.

ಸಭೆಯಲ್ಲಿ ಕೂರಲು ಜಾಗವಿರಲಿಲ್ಲ. ಅಧ್ಯಕ್ಷರು ಜಸಿಂಟಾಳ ರಾಜೀನಾಮೆಯನ್ನು ಓದಿ ಹೇಳಿದಾಗ ಗೋಡೆಗೊರಗಿ ನಿಂತಿದ್ದ ಡುಆರ್ತೆ ಟೋಪಿ ತೆಗೆದ. ನಂತರ ಅಧ್ಯಕ್ಷರು "ಸೇತುವೆ" ಎಂದರು. ಆ ಪದ ಕಿವಿಗೆ ಬಿದ್ದದ್ದೇ ಜಸಿಂಟಾ ಎದ್ದಳು. ಯಾರೂ ತಡೆಯುವ ಮೊದಲೇ ನಡೆದು ಬಾಗಿಲಿನ ಹಿಡಿ ತಿರುಗಿಸಿದ್ದಳು.

"ಎಲ್ಲಿಗೆ?" ಎಂದಳು ಹ್ಯಾರಿಯೆಟ್.

ಜಸಿಂಟಾ ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ನಕ್ಕರು. "ಮರ್ತೆ" ಎಂದು ವಾಪಸು ಬಂದು ಕುರ್ಚಿಯನ್ನು ಮೇಜಿಗೆ ಒತ್ತಿಕೊಂಡು ಕೂತಳು. ರಿಪೇರಿಗೆ ಯಾರು ಎಂದಾಗ ಎರಡು ಕೈ ಎದ್ದವು. ಮೂರನೆಯದು ನಿಧಾನವಾಗಿ ಎದ್ದಿತು.

ತಗ್ಗು ಸೇತುವೆಯ ಕಡೆಯ ಸದಸ್ಯನೊಬ್ಬ ಕಾಗದಗಳನ್ನು ಜೋಡಿಸುತ್ತ ಹೇಳಿದ: "ನೌಕರಿ ಬಿಟ್ರೂ ಸೇತುವೆ ನಿಂದೇ ಅನ್ಕೊಂಡಿದೀಯೇನೋ."

"ಇಲ್ವಲ್ಲ" ಎಂದಳು ಜಸಿಂಟಾ. "ಅಲ್ಲ ಅಂತಾದ ಮೇಲೇ ಕೈ ಎತ್ತಿದ್ದು."

"ಅದನ್ನ ಬರ್ಕೊಳ್ಲಾ?" ಎಂದು ಕೇಳಿದಳು ಹ್ಯಾರಿಯೆಟ್.

"ಬೇಡ."

ಗುರುವಾರ ಬೆಳಿಗ್ಗೆ ಆಚೆ ದಡದ ಬೇಕರಿಯಿಂದ ಸಿಹಿ ಬ್ರೆಡ್ಡು ತರುವಾಗ ಅವಳ ಕಾರಿನ ಮುಂದೆ ಗೇಟು ಇಳಿಯಿತು. ಹೊಸಬನ ಕೈ ಇನ್ನೂ ಪಳಗಿರಲಿಲ್ಲ. ಸೇತುವೆ ತಡೆತಡೆದು ಏಳುತ್ತಿತ್ತು. ಹಿಂದಿನ ಕಾರಿನವನು ಇಳಿದು ಬಂದು ಅವಳ ಕಿಟಕಿಗೆ ಬಗ್ಗಿದ. "ನೀವೇ ಹೇಳಿ ಜಸಿಂಟಾ, ಇಷ್ಟೊತ್ತು ಬೇಕಾ ಇದಕ್ಕೆ?"

"ಬೇಕು, ಹೊಸದ್ರಲ್ಲಿ" ಎಂದಳು. ಅವಳಿಗೆ ಅವನ ಕಡೆ ಗಮನವಿರಲಿಲ್ಲ. ಬುಡದಲ್ಲಿದ್ದ ಗಾಜಿನ ಕೋಣೆಯಿಂದ ಇಪ್ಪತ್ತಾರು ವರ್ಷವೂ ರಸ್ತೆಯ ಬೆನ್ನನ್ನಷ್ಟೇ ಕಂಡಿದ್ದಳು. ಈ ದಡದಿಂದ ಅದರ ಹೊಟ್ಟೆ ಕಾಣುತ್ತಿತ್ತು: ತುಕ್ಕಿನ ತೊಲೆಗಳು, ತೊಲೆಗಳ ಸಂದಿಯಲ್ಲಿ ಸಾಲುಸಾಲು ಪಾರಿವಾಳದ ಗೂಡು. ಹಕ್ಕಿಗಳು ಗಾಬರಿಯಿಲ್ಲದೆ ಹೊರಬಂದು, ಮನೆ ಕೆಳಗಿಳಿಯಲಿ ಎಂದು ನದಿಯ ಮೇಲೆ ಸುತ್ತುತ್ತಿದ್ದವು. ಅವಳು ಕಾರಿನ ಎಂಜಿನ್ ಆರಿಸಿದಳು.