ಮೂರು ಸಲ ಸೋಸಿದ ಚರಬಿ

ಕಾಲುವೆ ನೀರು ಬಂದು ನಮ್ಮೂರು ಗೋಗಿಯ ಹೊಲಗಳಲ್ಲಿ ಜೋಳ ಹೋಗಿ ಭತ್ತ ಬಂದಿದ್ದ ಕಾಲ. ನಾಟಿ ನಡೆದಿತ್ತು. ಕಲಬುರ್ಗಿಯಲ್ಲಿ ಓದುತ್ತಿದ್ದ ಮೊಮ್ಮಗಳು ಭಾಗ್ಯ ರಜೆಗೆ ಬಂದಿದ್ದಳು. ಕಾಲೇಜಿನಲ್ಲಿ ಏನು ಮಾಡುತ್ತೀ ಎಂದು ಕೇಳಿದೆ.

"ಕುರಿ ಚರಬಿ ತರ್ತೀವಿ ಅಜ್ಜಿ. ಕಾಸಿ, ಸೋಸಿ, ಅದರಾಗಿನ ಆಮ್ಲ ಒಂದೊಂದೇ ಬ್ಯಾರೆ ಮಾಡ್ತೀವಿ. ಅದರ ಒಂದು ಹನಿ ಹಾಕಿದ್ರ ಕ್ಯಾನ್ಸರ್ ಗಡ್ಡಿ ಸಾಯ್ತದ."

"ಇದಕ್ಕ ಕಾಲೇಜ್ ಯಾಕ ಬೇಕು? ನಾ ಸಣ್ಣಾಕಿದ್ದಾಗಿಂದ ಚರಬಿ ಕಾಸಾಕತ್ತೀನಿ," ಎಂದೆ. ಎತ್ತಿನ ಹೆಗಲ ಹುಣ್ಣಿಗೆ, ಒಡೆದ ಹಿಮ್ಮಡಿಗೆ ನಾವು ಹಚ್ಚುತ್ತಿದ್ದುದು ಕಾಸಿದ ಆ ಕೊಬ್ಬನ್ನೇ.

ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ನೀಲಮ್ಮ ಇದನ್ನು ಕೇಳಿಸಿಕೊಂಡಿದ್ದಳು. ಭಾಗ್ಯ ಹೋದ ಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕುಪ್ಪಸ ಬಿಚ್ಚಿ ತೋರಿಸಿದಳು. ಎಡ ಎದೆಯಲ್ಲಿ ನಿಂಬೆಕಾಯಿಯಷ್ಟು ಗಡ್ಡೆ.

"ಯಾರಿಗೂ ಹೇಳಬ್ಯಾಡಕ್ಕ. ದವಾಖಾನಿಗೆ ಹೋದ್ರ ಕೊಯ್ತಾರ. ನೀ ಚರಬಿ ಕಾಸಿ ಕೊಡು."

ಕಾಸಿಕೊಟ್ಟೆ. ಭಾಗ್ಯ ಸೋಸುತ್ತೇವೆ ಎಂದಿದ್ದಳಲ್ಲ, ನಾನು ಬಿಳಿ ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ನೀಲಮ್ಮ ದಿನಾ ಬೆಳಿಗ್ಗೆ ಒಂದು ಚಮಚ ಕುಡಿದು, ಮಿಕ್ಕಿದ್ದನ್ನು ಎದೆಗೆ ತಿಕ್ಕಿಕೊಳ್ಳುತ್ತಿದ್ದಳು. ಹೀಗೇ ಒಂದು ತಿಂಗಳು. ಗಡ್ಡೆ ಮೆತ್ತಗಾಗಿದೆ ಎನ್ನುತ್ತಿದ್ದಳು. ಮುಟ್ಟಿ ನೋಡಿದರೆ ನನಗೆ ಹಾಗೆ ಅನಿಸುತ್ತಿರಲಿಲ್ಲ. ಆದರೂ ಕಾಸಿಕೊಡುತ್ತಲೇ ಇದ್ದೆ.

ಮತ್ತೆ ಬಂದ ಭಾಗ್ಯ ಒಲೆಯ ಮೇಲಿನ ಪಾತ್ರೆ ನೋಡಿ, ಇದು ಯಾರಿಗೆ ಎಂದಳು. ಹೇಳಿದೆ. ಅವಳು ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

"ಅಜ್ಜಿ, ನಾವು ಹಾಕೋದು ಗಾಜಿನ ತಟ್ಟ್ಯಾಗ ಬೆಳೆಸಿದ ಗಡ್ಡಿಗಿ. ಮನಷ್ಯಾರಿಗಿ ಇನ್ನಾ ಕೊಟ್ಟಿಲ್ಲ. ಕೊಡ ತುಂಬ ಚರಬಿ ತಂದು ತಿಂಗಳುಗಟ್ಟಲೆ ದುಡಿದ್ರ ಒಂದು ಹನಿ ಸಿಗ್ತದ. ನೀ ಮಾಡಿದ್ದು ಅಡಗಿ."

"ಮೂರು ಸಲ ಸೋಸೀನಿ."

"ನೂರು ಸಲ ಸೋಸಿದ್ರೂ ಅಡಗೀನೇ."

ನೀಲಮ್ಮ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಹೋಗಿ ಕೈ ಹಿಡಿದು ಎಳೆದೆ.

"ಕೊಯ್ತಾರಕ್ಕ," ಎಂದು ಅತ್ತಳು.

"ಕೊಯ್ಯಲಿ. ಈ ವಯಸ್ಸಿನ್ಯಾಗ ಯಾರಿಗಿ ಹಾಲು ಕುಡಸೋದದ?" ಎಂದು ಕೆಸರುಗಾಲಿನಲ್ಲೇ ಆಟೋ ಹತ್ತಿಸಿದೆ.

ಶಹಾಪುರದ ದವಾಖಾನೆಯವರು ಕಲಬುರ್ಗಿಗೆ ಕಳಿಸಿದರು. ಅಲ್ಲಿ ಒಂದು ಎದೆ ತೆಗೆದರು. ಒಂದು ತಿಂಗಳು ಮೊದಲೇ ಯಾಕೆ ಬರಲಿಲ್ಲ ಎಂದು ಡಾಕ್ಟರಮ್ಮ ಕೇಳಿದಾಗ ನೀಲಮ್ಮ ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ.

ನೀಲಮ್ಮ ಈಗ ಆರಾಮ ಇದ್ದಾಳೆ. ಭಾಗ್ಯ ಇನ್ನೂ ಚರಬಿಯಿಂದ ಹನಿ ತೆಗೆಯುತ್ತಲೇ ಇದ್ದಾಳೆ. ಔಷಧ ಯಾವಾಗ ಆಗುತ್ತದೆ ಎಂದರೆ ಗೊತ್ತಿಲ್ಲ ಅನ್ನುತ್ತಾಳೆ. ಮನೆಯಲ್ಲಿ ಮಟನ್ ಮಾಡಿದ ದಿನ ನೀಲಮ್ಮ ತನ್ನ ಪಾಲಿನ ಚರಬಿ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಾಳೆ.

"ತಿನ್ನಕ್ಕ, ನೀ ಡಾಕ್ಟರ್ ಅಲ್ಲೇನು?"

ಎಲ್ಲರೂ ನಗುತ್ತಾರೆ. ನಾನು ತಿನ್ನುತ್ತೇನೆ. ತುಂಡು ಇಳಿಯುತ್ತದೆ. ಆ ಒಂದು ತಿಂಗಳು ಮಾತ್ರ ಇನ್ನೂ ಗಂಟಲಿಳಿದಿಲ್ಲ.